ಗಾಜು ಕೂರಿಸಿದ ಕೂಲಿ

ಗಾಜಣ್ಣನಿಗೆ ವಿಮೆ ಕಂಪನಿಯಿಂದ ಒಂದು ದಿನದ ಕೂಲಿ ಬರಬೇಕು. ಬಾಕಿ ಬಿದ್ದು ಏಳು ತಿಂಗಳಾಯಿತು.

ಹೆತ್ತವರು ಇಟ್ಟ ಹೆಸರು ಬೇರೆ. ಇಪ್ಪತ್ತಾರು ವರ್ಷ ಕಾರು, ವ್ಯಾನುಗಳ ಮುಂದಿನ ಗಾಜು ಕೂರಿಸಿ ಕೂರಿಸಿ ಬೀದಿಯವರ ಬಾಯಲ್ಲಿ ಗಾಜಣ್ಣನಾದ. ಅಂಗೈ ತುಂಬ ಗೀರು. ಕೈ ನೋಡಿ ಭವಿಷ್ಯ ಹೇಳುವವನಿಗೆ ಯಾವುದು ಆಯುಷ್ಯದ ರೇಖೆ, ಯಾವುದು ಗಾಜು ಕೊಯ್ದದ್ದು ಎಂದು ತಿಳಿಯುವುದಿಲ್ಲ. ಕಿತ್ತ ಗಾಜನ್ನು ಎಂಟು ದಿನ ಎಸೆಯದೆ ಗೋಡೆಗೆ ಒರಗಿಸಿಡುವುದು ಅವನ ಪದ್ಧತಿ. ಗಿರಾಕಿಯ ತಕರಾರು ಅಷ್ಟರೊಳಗೆ ಬರುತ್ತದೆ ಎಂದು ಕೆಲಸ ಕಲಿಸಿದವನು ಹೇಳಿದ್ದ.

ಒಂದು ಸಂಜೆ ಶಾಲೆ ಮಕ್ಕಳ ವ್ಯಾನು ಓಡಿಸುವ ಹೆಂಗಸು ಬಂದಳು. ಲಾರಿಯ ಚಕ್ರದಿಂದ ಸಿಡಿದ ಕಲ್ಲಿಗೆ ಮುಂದಿನ ಗಾಜು ಜೇಡರ ಬಲೆಯಾಗಿತ್ತು.

"ಇನ್ಶೂರೆನ್ಸ್ ಇದೆಯಾ?"

"ಇದೆ ಅಣ್ಣಾ. ನಷ್ಟ ನೋಡೋಕೆ ಕಂಪನಿ ಸರ್ವೇಯರ್ ನಾಳಿದ್ದು ಬರ್ತಾರಂತೆ. ನಾಳೆ ಬೆಳಗ್ಗೆ ಹದಿನಾಲ್ಕು ಮಕ್ಕಳನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?"

ಸರ್ವೇಯರ್ ನೋಡುವ ಮೊದಲು ಮುಟ್ಟಬಾರದೆಂದು ಗಾಜಣ್ಣನಿಗೆ ಗೊತ್ತಿತ್ತು. ಮುಟ್ಟಿದ. ತಂತಿ ಎಳೆದು ಅಂಟು ಕೊಯ್ದ, ಹಳೆಯದನ್ನು ಕಿತ್ತ, ಅಂಗಡಿಯಿಂದ ಸಾಲ ತಂದ ಹೊಸದನ್ನು ಕೂರಿಸಿದ. ಫೋಟೊ ತೆಗೆಯುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಅವಳ ಮನೆ ಮುಂದೆ ಬಂದ ಸರ್ವೇಯರ್ ಹೊಸ ಗಾಜನ್ನು ಬೆರಳಿನಿಂದ ತಟ್ಟಿದ. "ಒಡೆದದ್ದನ್ನ ನಾನು ನೋಡಿಲ್ಲ. ನೋಡದೇ ಇರೋದಕ್ಕೆ ದುಡ್ಡು ಬರಲ್ಲಮ್ಮಾ."

ಮರುದಿನ ಗಾಜಣ್ಣ ಹಳೇ ಗಾಜನ್ನು ಗೋಣಿಯಲ್ಲಿ ಸುತ್ತಿ, ವಿಮೆ ಕಚೇರಿಯ ಮೂರು ಮಹಡಿ ಹೊತ್ತು ಹತ್ತಿ, ಸರ್ವೇಯರ್ ಮೇಜಿನ ಮೇಲೆ ಮಲಗಿಸಿದ.

"ಇದೇನಯ್ಯಾ, ಹೆಣ ತಂದ ಹಾಗೆ ತಂದಿದ್ದೀಯ?"

"ಹೆಣ ನೋಡದೆ ಸಾವು ಬರ್ಕೊಳ್ಳಲ್ಲ ಅಂದ್ರಲ್ಲ ಸ್ವಾಮಿ. ನೋಡಿ."

ಗಾಜಿನ ಮೂಲೆಯಲ್ಲಿ, ಕಳ್ಳರ ಭಯಕ್ಕೆ ಕೆತ್ತಿಸಿದ್ದ ವ್ಯಾನಿನ ನಂಬರು ಇತ್ತು. ಸರ್ವೇಯರ್ ಎರಡು ಸಲ ಓದಿ ಫೈಲು ತೆರೆದ.

ಗಾಜಿನ ಬೆಲೆ ಮಂಜೂರಾಯಿತು, ಅಂಗಡಿಯ ಸಾಲ ತೀರಿತು. ಆದರೆ ಅನುಮತಿಯಿಲ್ಲದೆ ಮಾಡಿದ ಕೆಲಸವೆಂದು ಮಂಜೂರಾತಿ ಕಾಗದದಲ್ಲಿ ಕೂಲಿಯ ಸಾಲಿನ ಮೇಲೆ ಅಡ್ಡಗೆರೆ ಬಿತ್ತು. ಶಾಲೆ ಬಿಡುವ ಹೊತ್ತಾಗಿತ್ತು. ವ್ಯಾನಿನವಳು ಓದದೆ ಒಪ್ಪಿಗೆಯ ಸಹಿ ಹಾಕಿ ಓಡಿದಳು.

ವಿಷಯ ತಿಳಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದಳು. "ಕೂಲಿ ನಾನೇ ಕೊಡ್ತೀನಿ ಅಣ್ಣಾ."

"ವರ್ಷಾ ವರ್ಷಾ ವಿಮೆ ಕಂತು ಕಟ್ಟಿದ್ದೀಯಲ್ಲಮ್ಮ. ಒಂದೇ ಗಾಜಿಗೆ ಎರಡು ಸಲ ಯಾಕೆ ಕಟ್ತೀಯ? ಕೊಡಬೇಕಾದವರು ಕೊಡ್ಲಿ."

ಒಳಗಿನಿಂದ ಹೆಂಡತಿ ಹೇಳಿದಳು: "ಹಾಗಾದ್ರೆ ಇವತ್ತು ನಿಮ್ಮ ಹಠಾನೇ ಬೇಯಿಸಿ ಬಡಿಸ್ತೀನಿ."

ಆದರೆ ತಿಂಗಳಿಗೊಂದು ಅರ್ಜಿ ಬರೆದುಕೊಡುವವಳೂ ಅವಳೇ. ಏಳು ಅರ್ಜಿ ಹೋಗಿವೆ. ಉತ್ತರ ಒಂದೂ ಬಂದಿಲ್ಲ.

ಗಾಜು ತಾನಾಗಿ ಎದ್ದು ಹೋಗಿ ವ್ಯಾನಿನಲ್ಲಿ ಕೂರಲಿಲ್ಲ. ನಾಳೆ ನಿಮ್ಮ ಗಾಜೂ ಒಡೆಯಬಹುದು, ಸಹಿಗೆಂದು ಕಾಗದ ನಿಮ್ಮ ಮುಂದೆಯೂ ಬರಬಹುದು. ಆಗ ಕೂಲಿಯ ಸಾಲು ಹುಡುಕಿ ಓದಿ. ಅಡ್ಡಗೆರೆ ಇದ್ದರೆ ಸಹಿ ಹಾಕಬೇಡಿ.