ಎಡಗೈಯ ಸರಳರೇಖೆ

ಪಂಜ ಎಂಬ ಊರಿನ ಕಡೆಯ ಒಂದು ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಹೇಳುವ ನಾನು, ಗ್ರಾಫ್ ಹಾಳೆಯ ವಿಷಯದಲ್ಲಿ ಹೈಕೋರ್ಟು ಇದ್ದ ಹಾಗೆ. ಮೊಂಡು ಪೆನ್ಸಿಲಿಗೆ ಅರ್ಧ ಅಂಕ ಕಡಿತ, ಒರೆಸಿದ ಕಲೆಗೆ ಇನ್ನರ್ಧ. ರೇಖೆ ಬಿಂದುವನ್ನು ತಪ್ಪಿದರೆ ಪೂರ್ತಿ ಸೊನ್ನೆ. ಮೇಲ್ಮನವಿಗೆ ಅವಕಾಶವಿಲ್ಲ.

ಈ ಕಾನೂನಿಗೆ ಪದೇ ಪದೇ ಸಿಕ್ಕಿಬೀಳುತ್ತಿದ್ದವಳು ಮೂರನೇ ಬೆಂಚಿನ ಹುಡುಗಿ. ತಂದೆ ತಾಯಿ ರಬ್ಬರ್ ಟ್ಯಾಪಿಂಗ್ ಮಾಡುವವರು, ಅಂದರೆ ಮರಕ್ಕೆ ಓರೆಯಾಗಿ ಗೀರು ಹಾಕಿ ಹಾಲು ಇಳಿಸುವವರು. ಅವಳದ್ದು ಎಡಗೈ. "ಒಳ್ಳೆ ಕೈಯಲ್ಲಿ ಬರೆ" ಎಂದು ಜೂನ್‌ನಲ್ಲೇ ನಾನು ಆಜ್ಞೆ ಹೊರಡಿಸಿದ್ದೆ. ಅಂದಿನಿಂದ ಸ್ಕೇಲು ಜಾರುವುದು, ರೇಖೆ ಘಾಟಿ ರಸ್ತೆಯಂತೆ ಬಳುಕುವುದು ನಡೆದೇ ಇತ್ತು. ಮೂರು ಕಿರುಪರೀಕ್ಷೆ, ಮೂರು ಸೊನ್ನೆ.

ಒಂದು ದಿನ ಅವಳ ತಾಯಿಯೇ ಬಂದರು. "ಲೆಕ್ಕ ತಲೆಗೆ ಹೋಗುದಿಲ್ಲಂತೆ ಸಾರ್. ಒಂಬತ್ತಕ್ಕೆ ಹೋಗುದಿಲ್ಲ, ಟೈಲರಿಂಗ್ ಕಲಿಯುದು ಅಂತ ಕೂತಿದ್ದಾಳೆ. ಎಂತ ಮಾಡುದು?"

"ಅಭ್ಯಾಸ ಸಾಲದು" ಎಂದು ತೀರ್ಪು ಕೊಟ್ಟು ಕಳಿಸಿದೆ.

ಅದೇ ವಾರ ನಮ್ಮ ವಿಜ್ಞಾನದ ಟೀಚರ್, ಶಾಲೆಯ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಗ್ರಾಫ್ ಸಾಫ್ಟ್‌ವೇರ್ ಹಾಕಿಕೊಟ್ಟರು. ತರಗತಿಯ ಎದುರು ನಾನು ಮೌಸ್ ಹಿಡಿದ ವೈಖರಿ ಕಂಡು, "ಸ್ವಲ್ಪ ಸಡಿಲ ಬಿಡಿ ಮಾರಾಯ್ರೆ, ಅದು ಓಡಿ ಹೋಗುದಿಲ್ಲ" ಎಂದರು. ಮಕ್ಕಳು ನಕ್ಕರು. ಉಳಿದ ಮಾನ ಉಳಿಸಿಕೊಳ್ಳಲು ಮೌಸನ್ನು ಮಕ್ಕಳಿಗೇ ಒಪ್ಪಿಸಿದೆ.

ಅವಳ ಸರದಿ ಬಂತು. ಮೌಸನ್ನು ಮೆಲ್ಲಗೆ ಎಡಕ್ಕೆ ಸರಿಸಿಕೊಂಡು ನನ್ನ ಮುಖ ನೋಡಿದಳು. ಮೌಸಿನ ಬಗ್ಗೆ ನನ್ನಲ್ಲಿ ಕಾನೂನಿರಲಿಲ್ಲ.

y = 2x ಎಂದು ಬರೆದಳು. ರೇಖೆ ನೆಟ್ಟಗೆ ಮೇಲೇರಿತು. "ಎರಡರ ಬದಲು ಮೈನಸ್ ಎರಡು ಹಾಕಿದರೆ?" ಎಂದೆ.

ಅವಳು ಕೀಲಿಮಣೆ ಮುಟ್ಟದೆಯೇ ಹೇಳಿದಳು: "ಎಡದಿಂದ ಬಲಕ್ಕೆ ಇಳೀತದೆ ಸಾರ್. ರಬ್ಬರ್ ಮರಕ್ಕೆ ಹಾಕುವ ಗೀರಿನ ಹಾಗೆ."

"ಮೈನಸ್ ಅರ್ಧ?"

"ಇಳಿಜಾರು ಕಮ್ಮಿ. ಹಾಲು ನಿಧಾನ ಬರ್ತದೆ."

ಹಾಕಿ ನೋಡಿದರೆ ಹಾಗೇ ಬಂತು.

ಸ್ಟಾಫ್ ರೂಮಿನಲ್ಲಿ ಅವಳ ಮೂರೂ ಉತ್ತರಪತ್ರಿಕೆ ಹುಡುಕಿ ತೆಗೆದೆ. ಬಿಂದುಗಳೆಲ್ಲ ಇರಬೇಕಾದಲ್ಲೇ ಇದ್ದವು. ಕೆಟ್ಟಿದ್ದು ಗೆರೆ ಮಾತ್ರ. ಅದನ್ನು ಎಳೆದ ಕೈಯನ್ನು ಆರಿಸಿದವನು ನಾನು.

ಮರುದಿನ ತಿದ್ದಿದ ಅಂಕಗಳ ಜೊತೆ ಹೊಸ ಗ್ರಾಫ್ ಹಾಳೆ ಕೊಟ್ಟು, "ನಿನಗೆ ಬರುವ ಕೈಯಲ್ಲಿ ಎಳೆ. ಮೊದಲು ಹೇಳಿದ್ದು ನನ್ನ ತಪ್ಪು" ಎಂದೆ. ಇಡೀ ತರಗತಿ ತಲೆ ಎತ್ತಿತು. ಅವಳು ಮಾತ್ರ ತಲೆ ಬಗ್ಗಿಸಿ ಎಳೆಯತೊಡಗಿದಳು.

ಮಾರ್ಚ್‌ನಲ್ಲಿ ಅವಳ ತಾಯಿ ಪೇಟೆಯಲ್ಲಿ ಸಿಕ್ಕರು. ಟೈಲರಿಂಗ್ ಕಥೆ ಎಂತಾಯ್ತು ಎಂದು ನಾನೇ ಕೇಳಿದೆ.

"ಅದು ರಜೆಯಲ್ಲಿ ಕಲಿಯುದಂತೆ ಸಾರ್. ಜೂನ್‌ನಲ್ಲಿ ಒಂಬತ್ತಕ್ಕೆ ಹೋಗುದಂತೆ."