ಡಿಕ್ಕಿಯಲ್ಲಿ ಕಚೇರಿ ಇಟ್ಟ ಚೀಟಿ ಅಕ್ಕ

ಬೆಳಗಿನ ಐದೂಕಾಲು. ರೈಲು ನಿಲ್ದಾಣದ ಹೊರಗಿನ ಟ್ಯಾಕ್ಸಿ ಸಾಲಿನಲ್ಲಿ ನಾಲ್ಕನೆಯ ಗಾಡಿಯ ಡಿಕ್ಕಿ ತೆರೆದಿದೆ. ಅದರೊಳಗೆ ಅರ್ಧ ಮೈ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಐವತ್ತೆರಡು ವರ್ಷದ ಚಾಲಕಿಯೊಬ್ಬರು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ಸ್ಟೆಪ್ನಿಯ ಮೇಲೆ ಹಾಸಿದ ಹಲಗೆಯೇ ಮೇಜು. ಪಕ್ಕದಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿ, ಅದರ ತುಂಬ ಕಾರ್ಡ್ ಮಿಷನ್ನು ಉಗುಳಿದ ಚೀಟಿಗಳು. ನಾನು ಪರಿಚಯ ಹೇಳಿಕೊಳ್ಳುವಷ್ಟರಲ್ಲಿ ಟಾರ್ಚನ್ನು ನನ್ನ ಕೈಗೇ ತುರುಕುತ್ತಾರೆ. "ಹಿಡ್ಕೊಳ್ಳಿ. ಇನ್ನೂ ಮೂರು ಚೀಟಿ ಬಾಕಿ ಇದೆ. ಬಿಸಿಲು ಬರೋದ್ರೊಳಗೆ ಪುಸ್ತಕಕ್ಕೆ ಇಳಿಸ್ಬೇಕು." ಸಂದರ್ಶನ ಮಾಡಲು ಬಂದವನು ದೀಪ ಹಿಡಿದು ನಿಲ್ಲುತ್ತೇನೆ.

ಸಾಲಿನ ಚಾಲಕರಿಗೆಲ್ಲ ಇವರು ಚೀಟಿ ಅಕ್ಕ. ಗಂಡ ತೀರಿಕೊಂಡ ಮೇಲೆ ಅವರ ಗಾಡಿಯನ್ನೇ ಹಿಡಿದು ಹನ್ನೊಂದು ವರ್ಷವಾಯಿತು. ಮನೆಯಲ್ಲಿ ಇರುವುದು ಅತ್ತೆ, ಸೊಸೆ ಇಬ್ಬರೇ. ದಿನಕ್ಕೆ ಹತ್ತು ಗಂಟೆ ಸ್ಟಿಯರಿಂಗು, ಹದಿನಾಲ್ಕು ಬಾಡಿಗೆ. ಅದರಲ್ಲಿ ಒಂಬತ್ತು ಗಿರಾಕಿಗಳು ನೋಟು ಕೊಡುವುದಿಲ್ಲ, ಕಾರ್ಡ್ ಉಜ್ಜುತ್ತಾರೆ. ಉಜ್ಜಿದ ಪ್ರತಿ ನೂರರಲ್ಲಿ ಎರಡೂವರೆಯನ್ನು ಮಿಷನ್ ಕೊಟ್ಟ ಕಂಪನಿ ಮುರಿದುಕೊಂಡು, ಉಳಿದದ್ದನ್ನು ಬ್ಯಾಂಕಿಗೆ ಹಾಕುತ್ತದೆ. "ಗಾಡಿ ಓಡ್ಸೋದು ನಾನು, ಬೈಸ್ಕೊಳ್ಳೋದು ನಾನು. ಅವರು ಹಿಂದಿನ ಸೀಟಲ್ಲಿ ಬಾಡಿಗೆ ಕೊಡದೆ ಕೂತಿರೋ ಗಿರಾಕಿ" ಎಂದು ನಗುತ್ತಾರೆ.

ಇವತ್ತು ಮಾತ್ರ ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹನ್ನೊಂದು ಗಂಟೆಗೆ ತೆರಿಗೆ ಕಚೇರಿಯಲ್ಲಿ ಇವರ ವಿಚಾರಣೆಯಿದೆ. ಕಳೆದ ವರ್ಷದ ಆದಾಯದಲ್ಲಿ ಒಂದಿಷ್ಟನ್ನು ಮುಚ್ಚಿಟ್ಟಿದ್ದಾರೆ ಎಂಬುದು ಆರೋಪ. ಒಪ್ಪಿ ರುಜು ಹಾಕಿದರೆ ಸಣ್ಣ ದಂಡದಲ್ಲಿ ಮುಗಿಯುತ್ತದೆ. ಆದರೆ ಹಾಗೆ ದಾಖಲಾದವರ ಟ್ಯಾಕ್ಸಿ ಪರವಾನಗಿ ನವೀಕರಣವಾಗುವುದಿಲ್ಲ. ಚೀಟಿ ಅಕ್ಕನ ಪರವಾನಗಿ ಮುಂದಿನ ತಿಂಗಳು ಮುಗಿಯುತ್ತದೆ.

ತಪ್ಪು ಇವರದೂ ಇದೆ. ಬ್ಯಾಂಕಿಗೆ ಬಂದು ಬಿದ್ದಷ್ಟೇ ತನ್ನ ಆದಾಯವೆಂದು ಬರೆದುಕೊಂಡರು. ಗಿರಾಕಿ ಕೊಟ್ಟ ಪೂರಾ ಬಾಡಿಗೆಯನ್ನು ಆದಾಯವೆಂದೂ ಕಂಪನಿ ಮುರಿದುಕೊಂಡದ್ದನ್ನು ಖರ್ಚೆಂದೂ ಬೇರೆ ಬೇರೆ ತೋರಿಸಬೇಕಿತ್ತು. ಹೇಗೆ ಬರೆದರೂ ಕೈಯಲ್ಲಿ ಉಳಿಯುವುದು ಅಷ್ಟೇ, ಕಟ್ಟಬೇಕಾದ ತೆರಿಗೆಯೂ ಅಷ್ಟೇ. ಆದರೆ ಕಂಪನಿ ಪೂರಾ ಮೊತ್ತವನ್ನು ತೆರಿಗೆ ಕಚೇರಿಗೆ ವರದಿ ಮಾಡಿತ್ತು. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸಕ್ಕೆ ಕಚೇರಿ 'ಮುಚ್ಚಿಟ್ಟ ಆದಾಯ' ಎಂದು ಹೆಸರಿಟ್ಟಿತು. ಕೈಗೇ ಬಾರದ ಹಣವನ್ನು ಯಾರಾದರೂ ಎಲ್ಲಿ ಮುಚ್ಚಿಡುತ್ತಾರೆ? ಕೇಳುತ್ತ ಕೇಳುತ್ತ ನನಗೇ ಮೈ ಉರಿಯುತ್ತದೆ.

ಚೀಟಿಗಳನ್ನು ತೋರಿಸಿ ಎಂದಿತು ಕಚೇರಿ. ಚೀಟಿಗಳೇನೋ ಇದ್ದವು. ಪ್ರತಿ ತಿಂಗಳ ಕಂತೆಗೂ ಕ್ಲಿಪ್ ಹಾಕಿ, ಕಳೆದುಹೋಗದಿರಲೆಂದು ಕಣ್ಣೆದುರಿಗೇ, ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಆಮೇಲೆ ಡಬ್ಬಿಗೆ ಹಾಕಿದ್ದರು. ಬಿಚ್ಚಿ ನೋಡಿದರೆ ಒಂದರಲ್ಲೂ ಅಕ್ಷರವಿಲ್ಲ. ಬಿಸಿಲಿನ ಕಾವಿಗೆ ಮಿಷನ್ ಚೀಟಿ ಮಾಸಿಹೋಗುತ್ತದೆಂದು ಯಾರೂ ಹೇಳಿರಲಿಲ್ಲ. "ಇಷ್ಟು ಖಾಲಿ ಕಾಗದ ಇದೆ, ಅಂಗಡಿ ಇಡೋಣ ಕಣೇ ಅಂದ್ರು ನಮ್ಮತ್ತೆ. ನಾನು ಅಲ್ಲೇ ಕೂತು ಅತ್ತುಬಿಟ್ಟೆ" ಎನ್ನುತ್ತಾರೆ. ನಕಲು ಕೇಳಲು ಕಂಪನಿಗೆ ಫೋನ್ ಮಾಡಿದರೆ ಗಂಟೆಗಟ್ಟಲೆ ಸಂಗೀತ ಕೇಳಿಸಿ ಸಾಗಹಾಕಿದರು.

ಉಳಿದಿದ್ದದ್ದು ಕಿಲೋಮೀಟರ್ ಪುಸ್ತಕ. ಪ್ರತಿ ಬಾಡಿಗೆಯ ಹೊತ್ತು ಮತ್ತು ದೂರವನ್ನು ಪೆನ್ನಿನಲ್ಲಿ ಬರೆದಿಡುವುದು ಗಂಡನಿಂದ ಬಂದ ಅಭ್ಯಾಸ. ಅತ್ತೆ, ಸೊಸೆ ಅಡುಗೆಮನೆಯ ಮೇಜಿನ ಮುಂದೆ ಕೂತರು. ಓಡಿದ ದೂರಕ್ಕೆ ದರ ಹಚ್ಚಿ ಪೂರಾ ಬಾಡಿಗೆ ಲೆಕ್ಕ ಹಾಕಿ, ಪಕ್ಕದಲ್ಲಿ ಬ್ಯಾಂಕಿಗೆ ಬಂದದ್ದನ್ನು ಬರೆದರು. ಅತ್ತೆ ಹಿಂದೆ ಔಷಧಿ ಅಂಗಡಿಯಲ್ಲಿ ಗಲ್ಲಾ ನೋಡಿಕೊಂಡಿದ್ದವರು, ಕೂಡುವುದು ಕಳೆಯುವುದು ಎಲ್ಲ ಬಾಯಲ್ಲೇ. ಎರಡು ಸಾವಿರದ ಆರುನೂರು ಕಾರ್ಡ್ ಬಾಡಿಗೆಗೆ ಐದು ವಾರ ಹಿಡಿಯಿತು. ಪ್ರತಿ ಸಾಲಿನಲ್ಲೂ ಕಾಣೆಯಾದದ್ದು ನೂರಕ್ಕೆ ಅದೇ ಎರಡೂವರೆ.

ಹನ್ನೊಂದು ಗಂಟೆ. ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ತಿರುಗಲು ಮನಸ್ಸಿಲ್ಲದ ಒಂದು ಫ್ಯಾನು. ಅಧಿಕಾರಿ ಕೆಟ್ಟವರಲ್ಲ, ಅವಸರದವರು. "ಯಾಕಮ್ಮ ಇಷ್ಟು ಒದ್ದಾಟ? ನಿಮ್ಮ ಎರಡು ದಿನದ ದುಡಿಮೆ ಅಷ್ಟೇ ದಂಡ. ರುಜು ಹಾಕಿ ಹೊರಡಿ."

"ಬರೆಯೋದ್ರಲ್ಲಿ ತಪ್ಪು ಮಾಡ್ದೆ ಸಾರ್. ಅದಕ್ಕೆ ದಂಡ ಹಾಕಿ, ಈಗಲೇ ಕಟ್ತೀನಿ. ಮುಚ್ಚಿಟ್ಟೆ ಅಂತ ಮಾತ್ರ ಸತ್ರೂ ರುಜು ಹಾಕಲ್ಲ." ನಾಲ್ಕು ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ದೊಪ್ಪನೆ ಇಡುತ್ತಾರೆ. "ಯಾವ ದಿನದ್ದು ಬೇಕೋ ತೆಗೀರಿ."

ಅಧಿಕಾರಿ ಎಲ್ಲೋ ಒಂದು ಪುಟ ತೆರೆಯುತ್ತಾರೆ. ಕ್ಯಾಲ್ಕುಲೇಟರ್ ಒತ್ತುತ್ತಾರೆ, ಸರಿಯಿದೆ. ಇನ್ನೊಂದು ಪುಟ, ಅದೂ ಸರಿ. ಚೀಟಿ ಅಕ್ಕ ಕೈಕಟ್ಟಿ ಕೂತಿದ್ದಾರೆ. ಹನ್ನೆರಡನೆಯ ಬಾಡಿಗೆಗೆ ಅಧಿಕಾರಿ ಕ್ಯಾಲ್ಕುಲೇಟರ್ ಪಕ್ಕಕ್ಕಿಡುತ್ತಾರೆ.

"ಯಾವ ಆಡಿಟರ್ ಹತ್ರ ಮಾಡಿಸಿದ್ರಿ?"

"ನಾನು, ನಮ್ಮತ್ತೆ."

ಅಧಿಕಾರಿ ಕಡತದಲ್ಲಿ 'ಮುಚ್ಚಿಟ್ಟ ಆದಾಯ' ಎಂಬುದನ್ನು ಹೊಡೆದುಹಾಕಿ, ಮೇಲೆ 'ದಾಖಲೆಯಲ್ಲಿ ತಪ್ಪು' ಎಂದು ಬರೆದು ರುಜು ಹಾಕುತ್ತಾರೆ. ಪರವಾನಗಿಗೆ ಇನ್ನು ಅಡ್ಡಿಯಿಲ್ಲ. ಚೀಟಿ ಅಕ್ಕ ಕಣ್ಣೊರೆಸಿಕೊಂಡು, ಧೂಳು ಎಂದು ನನಗೆ ಸುಳ್ಳು ಹೇಳುತ್ತಾರೆ.

ಹೊರಗಿನ ಕೌಂಟರಿನಲ್ಲಿ ದಂಡ ಕಟ್ಟುವಾಗ ಗುಮಾಸ್ತೆ ಕಾರ್ಡ್ ಕೇಳುತ್ತಾಳೆ. ಚೀಟಿ ಅಕ್ಕ ಗಹಗಹಿಸಿ ನಕ್ಕು, ನೋಟುಗಳನ್ನೇ ಎಣಿಸಿ ಕೊಡುತ್ತಾರೆ. ಮಿಷನ್ನು ಕಿರ್ರೆಂದು ರಸೀದಿ ಉಗುಳುತ್ತದೆ. ಅದನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳುತ್ತಾರೆ.

"ಇದು ಬೇಡಮ್ಮ. ಪೆನ್ನಲ್ಲಿ ಬರೆದುಕೊಡು. ನಾನು ರಸೀದಿನ ಡ್ಯಾಶ್‌ಬೋರ್ಡ್ ಮೇಲೇ ಇಡೋಳು."