ಹಾಲಿನ ಮಾಸ್ತರನ ಡಿಎನ್‌ಎ

ಶಾಲೆಯಲ್ಲಿ ಮಕ್ಕಳು ನನಗಿಟ್ಟ ಹೆಸರು ಹಾಲಿನ ಸರ್. ನಾನು ಕಲಿಸುವುದು ವಿಜ್ಞಾನ. ಆದರೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಬಿಸಿ ಹಾಲು ಹಂಚುವ ಕೆಲಸವನ್ನು ಮುಖ್ಯಗುರುಗಳ ಹತ್ತಿರ ನಾನೇ ಕೇಳಿ ಪಡೆದಿದ್ದೆ. ಬೇರೆ ಶಿಕ್ಷಕರು ಅದನ್ನು ತಲೆನೋವು ಎಂದರು. ನಾನು ಸನ್ಮಾನ ಎಂದುಕೊಂಡೆ. ಹಾಲಿನ ಪುಡಿ ಗಂಟು ಕಟ್ಟದಂತೆ ನಿಂತು ಕಲಸುವುದು, ಲೋಟದ ತಳ ಕಾಣುವವರೆಗೆ ಯಾರಿಗೂ ಸಾಲು ಬಿಡಗೊಡದಿರುವುದು, ಇದರಲ್ಲಿ ನನ್ನದು ಪಾಠಕ್ಕಿಂತ ಹೆಚ್ಚಿನ ಶಿಸ್ತು. ಯಾವನಾದರೂ ಬೇವಿನ ಗಿಡದ ಬುಡಕ್ಕೆ ಹಾಲು ಚೆಲ್ಲಿ ಸಿಕ್ಕಿಬಿದ್ದರೆ ಅವನಿಗೆ ಹೊಡೆತ ಇಲ್ಲ. ನನ್ನ ಬಾಲ್ಯದ ಕಥೆಯನ್ನು ಪೂರ್ತಿ ಕೇಳಬೇಕು. ಹೊಡೆತವೇ ವಾಸಿ ಎಂದು ಒಬ್ಬ ಹುಡುಗ ಹೇಳಿದ್ದುಂಟು.

ಕಥೆ ಇಷ್ಟೇ. ಸುರಪುರ ತಾಲ್ಲೂಕಿನ ಹೊಳೆದಂಡೆಯ ಊರು ನಮ್ಮದು. ಅಪ್ಪ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ, ಅವ್ವ ಬುಟ್ಟಿ ಹೊತ್ತು ಮಾರಿ ಬರುತ್ತಿದ್ದಳು. ಮನೆಯಲ್ಲಿ ಚಹಾ ಎಂದರೆ ಬೆಲ್ಲ ಹಾಕಿದ ಕರಿ ಚಹಾ. ನನಗೆ ಜ್ವರ ಬಂದಾಗ ಮಾತ್ರ ಅವ್ವ ಎಲ್ಲಿಂದಲೋ ಒಂದು ವಾಟಿ ಹಾಲು ತರುತ್ತಿದ್ದಳು. ಕುಡಿದ ಮೇಲೆ ಹೊಟ್ಟೆ ಗುಡುಗುಡು ಎಂದು ಕೆಡುತ್ತಿತ್ತು. ಅದನ್ನೂ ಜ್ವರದ ಮೇಲೆಯೇ ಹಾಕುತ್ತಿದ್ದೆವು. ಹೈಸ್ಕೂಲಿನಲ್ಲಿದ್ದಾಗ ನಾವು ಕೆಲವು ಹುಡುಗರು ಗೆಳೆಯನೊಬ್ಬನ ಮನೆಗೆ ಹೋದೆವು. ಎಲ್ಲರಿಗೂ ಹಾಲಿನ ಚಹಾ ಬಂತು, ನನಗೊಬ್ಬನಿಗೆ ಕರಿ ಚಹಾ. "ನಿಮಗ ಇದೇ ರೂಢಿ ಅಲ್ಲೇನಪಾ" ಎಂದಳು ಅವನ ತಾಯಿ, ಬಹಳ ಪ್ರೀತಿಯಿಂದ. ಆ ಪ್ರೀತಿ ಇನ್ನೂ ನನ್ನ ಗಂಟಲಲ್ಲಿ ಕೂತಿದೆ.

ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವನು ನಾನು. ಇದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ, ಆದರೆ ಹೇಳದೆ ನನಗೆ ಇರಲಾಗುವುದಿಲ್ಲ. ನೌಕರಿ ಸಿಕ್ಕು ಶಹಾಪುರದಲ್ಲಿ ಮನೆ ಮಾಡಿದಾಗ ಮೊದಲು ಗೊತ್ತು ಮಾಡಿದ್ದು ಹಾಲಿನವನನ್ನು. ನೀರಿನ ನಳ ಆಮೇಲೆ ಬಂತು. ಅವ್ವ ನಮ್ಮ ಜೊತೆ ಇರಲು ಬಂದ ಮೇಲೆ ಓಣಿಯಲ್ಲೆಲ್ಲ ಒಂದೇ ಮಾತು: "ನನ್ನ ಮೊಮ್ಮಗಳು ದಿನಾ ಹಾಲು ಕುಡಿತಾಳ ನೋಡ್ರಿ, ಲೋಟ ಇಷ್ಟುದ್ದ ಅದ." ಕೈಯಲ್ಲಿ ತೋರಿಸುವ ಲೋಟ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು.

ಆ ಮೊಮ್ಮಗಳು, ನನ್ನ ಮಗಳು, ನನ್ನದೇ ಶಾಲೆಯಲ್ಲಿ ಏಳನೆಯ ತರಗತಿ. ಬೆಳಿಗ್ಗೆ ಮನೆಯಲ್ಲಿ ನನ್ನ ಕಣ್ಣೆದುರಿಗೆ ಒಂದು ಲೋಟ, ಶಾಲೆಯಲ್ಲಿ ನನ್ನ ಕೈಯಿಂದಲೇ ಇನ್ನೊಂದು. ಖೋಖೋ ಆಟದಲ್ಲಿ ಅವಳನ್ನು ಮುಟ್ಟುವವರಿಲ್ಲ ಎಂದು ದೈಹಿಕ ಶಿಕ್ಷಕರು ಹೇಳುತ್ತಿದ್ದರು. ಆದರೆ ಆ ವರ್ಷ ಅವಳು ಆಡುವುದಕ್ಕಿಂತ ಹೊಟ್ಟೆ ಹಿಡಿದು ಕಟ್ಟೆಯ ಮೇಲೆ ಕೂತದ್ದೇ ಹೆಚ್ಚು. ಕಣ್ಣಲ್ಲಿ ನೀರು ತುಂಬಿಕೊಂಡು, ಮೊಣಕಾಲಿಗೆ ಗದ್ದ ಒತ್ತಿ ಕೂರುವಳು. ಶಾಲೆಯ ತಂಡ ಯಾದಗಿರಿಗೆ ಆಡಲು ಹೋಗುವುದಿತ್ತು. ದೈಹಿಕ ಶಿಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಕಿ ಹಿಂಗೇ ಇದ್ರ ಬ್ಯಾರೆ ಹುಡುಗೀನ್ನ ತಗೋಬೇಕಾಗ್ತದ" ಎಂದರು. ಅವತ್ತು ಸಂಜೆ ಮಗಳು ರೊಟ್ಟಿ ಮುಟ್ಟಲಿಲ್ಲ. ಅಳಲೂ ಇಲ್ಲ. ಅಳದೆ ಇದ್ದದ್ದೇ ನನಗೆ ಸಂಕಟ.

ಯಾದಗಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, ಏನೇನು ತಿನ್ನುತ್ತಾಳೆಂದು ಕೇಳಿ, "ಎರಡು ವಾರ ಹಾಲು ಪೂರಾ ನಿಲ್ಲಿಸಿ ನೋಡ್ರಿ ಸರ್. ಕೆಲವರಿಗೆ ಹಾಲು ಅರಗಂಗಿಲ್ಲ" ಎಂದರು. ಮಾತ್ರೆಯನ್ನೂ ಬರೆದುಕೊಡಲಿಲ್ಲ.

ಬರುವಾಗ ಗಾಡಿಯ ಮೇಲೆ ನನ್ನ ಸಿಟ್ಟು ಗಾಳಿಗಿಂತ ಜೋರಾಗಿತ್ತು. ಮನೆಗೆ ಬಂದು ಹೆಂಡತಿಯ ಮುಂದೆ ಕಾರಿದೆ. "ಹಾಲಂತ ಹಾಲು! ನಾ ಇಷ್ಟು ಓದಿದ್ದು ನನ್ನ ಮಗಳಿಗೆ ಕರಿ ಚಹಾ ಕುಡಿಸಾಕೇನು?"

"ಎರಡು ವಾರ ನೋಡ್ರಿ ಅಂದಾರ, ಜನ್ಮಪೂರ್ತಿ ಅಂದಿಲ್ಲ" ಎಂದಳು.

"ಅವ್ವ ಮಾಡೋ ಪುಂಡಿಪಲ್ಯದ ಕೆಲಸ ಅದು. ಇಲ್ಲಾ ಶೇಂಗಾ ಹಿಂಡಿ. ಇಲ್ಲಾ ಆ ಕೆಂಪು ಖಾರ. ವೈಜ್ಞಾನಿಕವಾಗಿ ತೋರಸ್ತೀನಿ."

ಒಲೆಯ ಹತ್ತಿರ ಅವ್ವ ತಿರುಗಿ ನೋಡಿದಳು. "ನನ್ನ ಪುಂಡಿಪಲ್ಯ ತಿಂದೇ ನೀ ಬಿ.ಎಸ್ಸಿ. ಆಗೀಯಪಾ. ಕೂಸಿಗೆ ದೃಷ್ಟಿ ಆಗ್ಯಾದ, ಉಪ್ಪು ಮೆಣಸಿನಕಾಯಿ ಇಳಿಸಿ ಒಗದ್ರ ಹೋಗ್ತದ." ಆದರೆ ಹಾಲಿನ ವಿಷಯದಲ್ಲಿ ಅವಳೂ ನನ್ನ ಕಡೆಯೇ ಇದ್ದಳು. ಹಾಲು ಬಿಡುವ ಮಾತು ಬಂದಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಮೊಬೈಲಿನಲ್ಲಿ ಒಂದು ಜಾಹೀರಾತು ನನ್ನನ್ನು ಬಹಳ ದಿನದಿಂದ ಹಿಂಬಾಲಿಸುತ್ತಿತ್ತು. ಮನೆಯಲ್ಲೇ ಕೂತು ಡಿಎನ್‌ಎ ಪರೀಕ್ಷೆ; ಯಾವ ಆಹಾರ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ, ಅಲರ್ಜಿ ಯಾವುದು, ಪೋಷಣೆಗೆ ಏನು ಬೇಕು, ಎಲ್ಲ ತಿಳಿಯುತ್ತದಂತೆ. ವಂಶವಾಹಿಯ ಪಾಠವನ್ನು ಹಲಗೆಯ ಮೇಲೆ ಏಣಿಯ ಚಿತ್ರ ಬರೆದು ಕಲಿಸುವವನು ನಾನು. ಆ ಏಣಿ ಕಡೆಗೂ ನನ್ನ ಮನೆಗೆ ಬರುತ್ತದೆಂದು ತರಿಸಿಯೇಬಿಟ್ಟೆ.

ಪೆಟ್ಟಿಗೆಯಲ್ಲಿ ಎರಡು ಉದ್ದನೆಯ ಹತ್ತಿ ಕಡ್ಡಿ, ಎರಡು ಪುಟ್ಟ ಕೊಳವೆ. ಒಂದು ತಾಸು ಏನೂ ತಿನ್ನದೆ, ಕುಡಿಯದೆ ಇದ್ದು, ಒಂದು ಕಡ್ಡಿಯಿಂದ ಬಲಗೆನ್ನೆಯ ಒಳಗೆ, ಇನ್ನೊಂದರಿಂದ ಎಡಗೆನ್ನೆಯ ಒಳಗೆ ಉಜ್ಜಿ, ಕೊಳವೆಗಳಿಗೆ ಹಾಕಿ ಮುಚ್ಚಿ ಕಳಿಸಬೇಕು. ಭಾನುವಾರ ಮಗಳನ್ನು ಪಡಸಾಲೆಯಲ್ಲಿ ಕೂರಿಸಿದೆ. ಅವಳು ಕಡ್ಡಿ ನೋಡಿಯೇ ಬಾಯಿ ಬಿಗಿದಳು.

"ನೋಯ್ತದೇನಪ್ಪಾ?"

"ಏನೂ ಇಲ್ಲ. ನೋಡು, ಹಿಂಗ." ಮಾಸ್ತರಿಕೆಯ ಚಟ. ಏನನ್ನೂ ಮಾಡಿ ತೋರಿಸದೆ ನಾನು ಕಲಿಸಿದವನಲ್ಲ. ಕಡ್ಡಿಯನ್ನು ನನ್ನ ಬಾಯಿಗೇ ಹಾಕಿ, ಕೆನ್ನೆಯ ಒಳಗೆ ಗುಂಡಗೆ ತಿರುಗಿಸಿ, ಕೊಳವೆಗೆ ಇಳಿಸಿ ಮುಚ್ಚಳ ತಿರುವಿ ತೋರಿಸಿದೆ. ಎಷ್ಟು ಚೆನ್ನಾಗಿ ತೋರಿಸಿದೆನೆಂದರೆ, ಆ ಕೊಳವೆ ಇನ್ನು ಯಾರ ಉಪಯೋಗಕ್ಕೂ ಬಾರದೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮಗಳು ಇನ್ನೊಂದು ಕಡ್ಡಿಯಿಂದ ಹಾಗೆಯೇ ಮಾಡಿದಳು. "ಶಾಬಾಸ್" ಎಂದು ಎರಡೂ ಕೊಳವೆಗಳನ್ನು ಅವಳ ಹೆಸರು ಬರೆದ ಲಕೋಟೆಗೆ ಹಾಕಿ ಅಂಟಿಸಿದೆ.

ವರದಿ ಮೊಬೈಲಿಗೆ ಬಂತು. ಅದನ್ನು ಹಾಗೇ ಓದುವುದು ಅದಕ್ಕೆ ಅವಮಾನವೆಂದು ಝೆರಾಕ್ಸ್ ಅಂಗಡಿಗೆ ಹೋಗಿ ಬಣ್ಣದಲ್ಲಿ ಮುದ್ರಿಸಿ, ಸ್ಪೈರಲ್ ಹಾಕಿಸಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆಯನ್ನೂ ಹಾಕಿಸಿದೆ. ಸಂಜೆ ಎಲ್ಲರನ್ನೂ ಕೂರಿಸಿ, ಕನ್ನಡಕ ಒರೆಸಿ, ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುತ್ತ ಓದತೊಡಗಿದೆ.

"ಬೆಣ್ಣೆಹಣ್ಣು ತಿನ್ನಬೇಕಂತ."

"ಶಹಾಪುರದ ಸಂತ್ಯಾಗ ಯಾ ಕಡೆ ಕುಂದರ್ತಾರ್ರೀ ಅದನ್ನ ಮಾರಾವ್ರು?" ಎಂದಳು ಹೆಂಡತಿ.

"ಶೇಂಗಾ ಅಡ್ಡಿಯಿಲ್ಲ. ಜೋಳ ಅಡ್ಡಿಯಿಲ್ಲ. ಪುಂಡಿಪಲ್ಯದ ಹೆಸರೇ ಇದರಾಗಿಲ್ಲ."

"ಗೊತ್ತಿಲ್ಲದವ್ರು ಬರದಾರ ಬಿಡು" ಎಂದಳು ಅವ್ವ.

ಮುಂದಿನ ಪುಟದಲ್ಲಿ ಒಂದು ಕೆಂಪು ಗುರುತಿತ್ತು. ನನ್ನ ದನಿ ತಗ್ಗಿತು. ಹಾಲು ಅರಗಿಸುವ ಶಕ್ತಿ ಬಹಳ ಕಡಿಮೆ ಇರುವ ಸಂಭವ. ಹಾಲು ಬೇಡ, ಮೊಸರು ನೋಡಿಕೊಂಡು. ಡಾಕ್ಟರು ಮಾತ್ರೆಯನ್ನೂ ಬರೆಯದೆ ಹೇಳಿದ್ದನ್ನು ನಾನು ಸ್ಪೈರಲ್ ಹಾಕಿಸಿ ತಂದಿದ್ದೆ. ಹೆಂಡತಿ ಆ ಸ್ಪೈರಲನ್ನು ಬೆರಳಿನಿಂದ ಸವರಿ ನೋಡಿದಳು. ಮಾತು ತಪ್ಪಿಸಲು ಪುಟ ಬೇಗ ಬೇಗ ತಿರುವಿದೆ. ಕೊನೆಗೆ ಬಿಟ್ಟಿಯಾಗಿ ಕೊಟ್ಟ ಕೂದಲು, ಚರ್ಮದ ಪುಟಗಳಿದ್ದವು.

"ನಡುತಲೆ ಬೋಳಾಗುವ ಸಂಭವ ಅತಿ ಹೆಚ್ಚು" ಎಂದು ಓದಿದೆ.

ಅವ್ವ ಹೌಹಾರಿ ಮೊಮ್ಮಗಳ ಜಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಅಯ್ಯ ನನ್ನ ಬಂಗಾರ! ಇಷ್ಟು ದಪ್ಪ ಜಡಿ!" ಹೆಂಡತಿ ಜಡೆ ನೋಡಲಿಲ್ಲ. ನಿಧಾನವಾಗಿ ನನ್ನ ತಲೆ ನೋಡಿದಳು. ದೀಪದ ಬೆಳಕು ಅಲ್ಲಿ ಚೆನ್ನಾಗಿಯೇ ಬಿದ್ದಿತ್ತು. ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕೊನೆಯ ಪುಟದ ಸಣ್ಣ ಅಕ್ಷರಕ್ಕೆ ಬೆರಳಿಟ್ಟಳು. ಮಾದರಿಯಲ್ಲಿ ಕಂಡುಬಂದ ಲಿಂಗ: ಪುರುಷ.

ಮರುದಿನ ಕಂಪನಿಗೆ ಫೋನ್ ಮಾಡಿ ಜೋರು ಮಾಡಿದೆ. ಆ ಕಡೆಯ ಹುಡುಗಿ ಸಮಾಧಾನವಾಗಿ ಹೇಳಿದಳು: "ಸಾರ್, ಒಂದು ಟ್ಯೂಬಲ್ಲಿ ಸಿಹಿ ಪದಾರ್ಥ ತುಂಬಾ ಇತ್ತು, ಅದನ್ನ ಉಪಯೋಗಿಸೋಕೆ ಆಗ್ಲಿಲ್ಲ. ಇನ್ನೊಂದು ಕ್ಲೀನಾಗಿತ್ತು, ಅದರಲ್ಲೇ ಮಾಡಿದ್ದೀವಿ. ಎರಡೂ ಒಬ್ಬರದೇ ಅಲ್ವಾ ಸಾರ್?" ನಾನು ಸಿಗ್ನಲ್ ಇಲ್ಲವೆಂದು ಹೇಳಿ ಇಟ್ಟುಬಿಟ್ಟೆ.

"ಸಿಹಿ ಎಲ್ಲಿಂದ ಬಂತು?" ಎಂದು ಮನೆಯಲ್ಲಿ ಕೇಳಿದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ತಾಸೊತ್ತು ಹಸಗೊಂಡು ಕುಂತಿತ್ತು ಕೂಸು. ಒಳ್ಳೆ ಕೆಲಸಕ್ಕ ಖಾಲಿ ಬಾಯಿಲೆ ಕಳಸ್ತಾರೇನು? ಒಂದು ಬೆಲ್ಲದ ಚೂರು ಇಟ್ಟೆ. ನೀ ಪರೀಕ್ಷಾಕ್ಕ ಹೋಗುವಾಗ ಒಮ್ಮೆರ ಬೆಲ್ಲ ಇಡದ ಬಿಟ್ಟೀನೇನು?"

ಬಿಟ್ಟಿರಲಿಲ್ಲ. ಬಿ.ಎಸ್ಸಿ.ಯ ಕೊನೆಯ ಪರೀಕ್ಷೆಗೂ ಬೆಲ್ಲ ತಿಂದೇ ಬಸ್ಸು ಹತ್ತಿದ್ದೆ. ಆದರೆ ವಾದಕ್ಕೆ ಇನ್ನೊಂದು ದಾರಿ ಕಾಣಿಸಿತು. "ನೋಡ್ರಿ, ಇದು ನನ್ನ ವರದಿ. ಹಾಲು ಆಗದಿರೋದು ನನಗ. ಅಕಿಗಲ್ಲ. ಅಂದ್ರ ಅಕಿ ಕುಡೀಬಹುದು" ಎಂದೆ. ಮಕ್ಕಳಿಗೆ ವಂಶವಾಹಿ ಕಲಿಸುವವನ ಬಾಯಿಂದಲೇ ಈ ಮಾತು ಬಂತು.

"ಹೌದ್ರಿ, ನಿಮಗೇ" ಎಂದಳು ಹೆಂಡತಿ. "ರಾತ್ರಿ ಹಾಲು ಕುಡದು ಮಾಳಿಗಿ ಮ್ಯಾಲ ಮಲಗಾಕ ಹೋಗ್ತೀರಲ್ಲ, ಥಂಡ್ಯಾಗೂ. ಗಾಳಿಗೆ ಹೋಗ್ತೀನಿ ಅಂತೀರಿ. ಯಾ ಗಾಳಿ ಅಂತ ಓಣಿಗೆಲ್ಲ ಗೊತ್ತದ."

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇದನ್ನೆಲ್ಲ ಕೇಳುತ್ತಿದ್ದಳು. ಅವತ್ತಿನ ಲೋಟ ಅವಳ ಮುಂದೆಯೇ ಕೆನೆ ಕಟ್ಟುತ್ತಿತ್ತು. "ಅಪ್ಪಾ, ನಾನು ನಿನ್ನ ಮಗಳೇ ಅದೀನಲ್ಲ?" ಎಂದಳು. "ಹಂಗಾರ ಇಬ್ರೂ ಬಿಡೂಣು. ನೀನೂ ಬಿಡು. ಯಾದಗಿರಿ ಆಟ ಮುಗಿಯೂತನ. ಕಡಿಮಿ ಆಗಲಿಲ್ಲಾಂದ್ರ ಎರಡು ಲೋಟ ಕುಡಿತೀನಿ, ಆಣಿ."

ಅವಳು ಕೇಳಿದ್ದು ಡಾಕ್ಟರು ಹೇಳಿದ್ದನ್ನೇ. ಆದರೆ ಈ ಸಲ ನನ್ನ ಪಾಲಿನ ಲೋಟವೂ ಪಣಕ್ಕಿತ್ತು. ಒಪ್ಪಿದೆ.

ಹಾಲಿನವನನ್ನು ಮಾತ್ರ ಬಿಡಿಸಲಿಲ್ಲ. ಓಣಿ ಏನಂದೀತು! ಅವನು ದಿನವೂ ಬಾಗಿಲಲ್ಲಿ ಕೂಗಿ ಅಳೆದು ಹೋಗುತ್ತಿದ್ದ. ಹೆಂಡತಿ ಅಷ್ಟನ್ನೂ ಹೆಪ್ಪು ಹಾಕುತ್ತಿದ್ದಳು. ಮನೆಯಲ್ಲಿ ಮಜ್ಜಿಗೆಯ ಹೊಳೆ. ಶಾಲೆಯ ಸಾಲಿನಲ್ಲಿ ಮಗಳು ಲೋಟವಿಲ್ಲದೆ ನಡೆದುಹೋದ ಮೊದಲ ದಿನ, ಬೇವಿನ ಬುಡಕ್ಕೆ ಚೆಲ್ಲಿ ಸಿಕ್ಕಿಬಿದ್ದಿದ್ದ ಅದೇ ಹುಡುಗ ಕೇಳಿದ: "ಸರ್, ಅಕಿಗೂ ನಿಮ್ಮ ಕಥಿ ಹೇಳ್ರಲ್ಲ?" ನಾನು ಸೌಟಿನ ಕಡೆ ನೋಡಿದೆ.

ದಿನಗಳು ಕಳೆದಂತೆ ಅವಳು ಕಟ್ಟೆಯ ಮೇಲೆ ಕೂರುವುದು ನಿಂತಿತು. ಒಂದು ಬೆಳಿಗ್ಗೆ ಹಾಲಿನ ಪಾತ್ರೆಯ ಹತ್ತಿರ ನಿಂತವನಿಗೆ ಮೈದಾನದಿಂದ ಅವಳ 'ಖೋ' ಕೇಳಿಸಿತು. ಎಷ್ಟೋ ತಿಂಗಳಿಂದ ಕೇಳದ ದನಿ. ಹಾಲು ಉಕ್ಕಿ ಒಲೆ ಆರಿತು. ನನ್ನ ಮಾಸ್ತರಿಕೆಯಲ್ಲಿ ಅದೇ ಮೊದಲು.

ಯಾದಗಿರಿಯ ಆಟಕ್ಕೆ ಮನೆಮಂದಿಯೆಲ್ಲ ಹೋದೆವು. ಅವ್ವ ಮೈದಾನದ ಅಂಚಿನಲ್ಲೇ ಮೊಮ್ಮಗಳ ಬಾಯಿಗೆ ಬೆಲ್ಲ ಇಟ್ಟಳು. ಈ ಸಲ ನಾನು ತಡೆಯಲಿಲ್ಲ. ಮಗಳು ಕಂಬದಿಂದ ಕಂಬಕ್ಕೆ ಹೇಗೆ ನುಸುಳಿದಳೆಂದರೆ ಎದುರು ಶಾಲೆಯವರು ಬರೀ ಗಾಳಿ ಮುಟ್ಟಿದರು. ಕೊನೆಯ ಆಟದಲ್ಲಿ ನಮ್ಮವರು ಸೋತರು. ಆದರೂ ಅವಳು ಎರಡೂ ಕೈ ಸೊಂಟಕ್ಕಿಟ್ಟು ಏದುಸಿರು ಬಿಡುತ್ತ ನಗುತ್ತಿದ್ದಳು. ಹೊಟ್ಟೆಯ ಮೇಲೆ ಕೈ ಇರಲಿಲ್ಲ. ನಾನು ನೋಡಿದ್ದು ಅದೊಂದನ್ನೇ.

ಆಟ ಮುಗಿದ ಮೇಲೆ ದೈಹಿಕ ಶಿಕ್ಷಕರು ಶಿಕ್ಷಕರನ್ನೆಲ್ಲ ಚಹಾದ ಗಾಡಿಗೆ ಕರೆದರು. ಬೇರೆ ಶಾಲೆಗಳ ಮಾಸ್ತರರೂ ಇದ್ದರು. ಎಲ್ಲರ ಕೈಗೂ ಕೆನೆಯ ಚಹಾ ಬಂತು. ನನ್ನದನ್ನು ಹಿಡಿಯಲು ಕೈ ಚಾಚುವಷ್ಟರಲ್ಲಿ ಮಗಳು ನಡುವೆ ನುಗ್ಗಿ ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದಳು: "ಕಾಕಾ, ನಮ್ಮಪ್ಪಗ ಕರಿ ಚಹಾ ಕೊಡ್ರಿ. ಹಾಲು ಹಾಕಿದ್ರ ಮಾಳಿಗಿ ಮ್ಯಾಲ ಮಲಗ್ತಾನ."

ಎಲ್ಲರೂ ನಕ್ಕರು. ಹಾಲಿನ ಸರ್ ಎಲ್ಲರ ನಡುವೆ ನಿಂತು ಕರಿ ಚಹಾ ಕುಡಿದ. ರುಚಿ ಹಳೆಯದೇ. ಬೆಲ್ಲವಿರಲಿಲ್ಲ, ಅದೊಂದೇ ಕೊರತೆ. ಅವ್ವ ಅದನ್ನು ನೋಡಿ, ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಒಂದು ಬೆಲ್ಲದ ಚೂರನ್ನು ನನ್ನ ಲೋಟಕ್ಕೆ ಹಾಕಿದಳು.